ಹುಳು ಮನೆಯ ಕಾವು, ತೇವ: ಮೈಸೂರಲ್ಲಿ ಕೂತು ಮಳವಳ್ಳಿ ಕಡೆಯ ರೇಷ್ಮೆ ಹುಳು ನೋಡಿಕೊಳ್ಳುವ ಬಗೆ

ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿ. ಮನೆ ಊರೊಳಗೆ, ರೇಷ್ಮೆ ಹುಳು ಸಾಕುವ ಮನೆ ಊರಾಚೆ ಹಿಪ್ಪುನೇರಳೆ ತೋಟದಲ್ಲಿ. ನಡುವೆ ಒಂದು ಕಾಲುವೆ, ಒಂದು ಸಾಲು ತೆಂಗು. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅಳತೆ ಉಪಕರಣ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಊರಲ್ಲಿ ಹುಳು ನೋಡಿಕೊಳ್ಳುವವಳು ಅವ್ವ. ವಯಸ್ಸು ಅರವತ್ತೆರಡು.

ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ 200 ಮೊಟ್ಟೆ ಇಟ್ಟಿದ್ದೆವು (ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು). ಹುಳು ನಾಲ್ಕನೇ ಜ್ವರದಿಂದ (ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ಜ್ವರ ಅನ್ನುತ್ತೇವೆ) ಎದ್ದು ನಾಲ್ಕು ದಿನವಾಗಿತ್ತು, ಹಾಕಿದ ಸೊಪ್ಪೆಲ್ಲ ಮಳೆ ಬಂದ ಸದ್ದಿನಂತೆ ತಿನ್ನುವ ಹೊತ್ತು. ಅವ್ವ ನೆಂಟರ ಮನೆಯ ನಾಮಕರಣಕ್ಕೆ ಹೋಗಿ ಬರುವಷ್ಟರಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತ್ತು, ಕಿಟಕಿಗೆ ಕಟ್ಟಿದ್ದ ಗೋಣಿತಾಟು ಒಣಗಿ ಗರಿಗರಿಯಾಗಿತ್ತು. ಸಂಜೆ ಐದಕ್ಕೆ ಬಾಗಿಲು ತೆಗೆದಾಗ ಗೋಡೆಯ ಥರ್ಮಾಮೀಟರಿನಲ್ಲಿ 36 ಡಿಗ್ರಿ. ಎರಡು ದಿನ ಕಳೆದ ಮೇಲೆ ಸಪ್ಪೆ ರೋಗ ಕಾಣಿಸಿತು. 120 ಕೆ.ಜಿ. ಆದರೂ ಆಗುತ್ತದೆ ಅಂದುಕೊಂಡಿದ್ದ ಗೂಡು 54 ಕೆ.ಜಿ.ಗೆ ನಿಂತಿತು. ಅವ್ವ ಆ ದಿನ ನಾಮಕರಣಕ್ಕೆ ಹೋದದ್ದನ್ನೇ ತಪ್ಪು ಅಂದುಕೊಂಡು ವಾರಗಟ್ಟಲೆ ಕೊರಗಿದಳು. ಒಬ್ಬ ಹೆಂಗಸು ಒಂದು ಮಧ್ಯಾಹ್ನ ನೆಂಟರ ಮನೆಗೆ ಹೋಗಿ ಬಂದದ್ದು ತಪ್ಪಾಗಬಾರದು. ಈ ಕೆಲಸಕ್ಕೆ ನಾನು ಕೈಹಾಕಿದ್ದು ಅದಕ್ಕೇ.

ಈಗ ಹುಳು ಮನೆಯಲ್ಲಿ ಎರಡು ಸೆನ್ಸರ್ ಇವೆ. ನಿಮಿಷಕ್ಕೊಮ್ಮೆ ಉಷ್ಣಾಂಶ, ತೇವಾಂಶ ನನ್ನ ಫೋನಿಗೆ ಬರುತ್ತವೆ. ಅಂಕಿ ಮಿತಿ ಮೀರಿದರೆ ನನಗೆ ಸಂದೇಶ, ಅವ್ವನ ಮಂಚದ ಪಕ್ಕ ಸೈರನ್. ಹೇಗೆ ಮಾಡಿದೆ, ಎಲ್ಲಿ ಎಡವಿದೆ, ನೀವು ಮಾಡುವಾಗ ಏನು ನೋಡಿಕೊಳ್ಳಬೇಕು ಎಂಬುದನ್ನು ಬರೆಯುತ್ತಿದ್ದೇನೆ. ಅಣಬೆ ಮನೆ, ಕೋಳಿ ಮರಿಯ ಶೆಡ್ಡು, ಬಿತ್ತನೆ ಬೀಜದ ಕೋಣೆ ಇರುವವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಮಿತಿಯ ಅಂಕಿಗಳು ಮಾತ್ರ ಬೇರೆ.

ಮೊದಲು ಏನು ಬೇಕು ಅಂತ ಗೊತ್ತಿರಲಿ

ಉಪಕರಣ ಕೊಳ್ಳುವ ಮೊದಲು ಹುಳುವಿಗೆ ಎಷ್ಟು ಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನಮ್ಮದು ದ್ವಿತಳಿ, ಸಹಜವಾಗಿ ವರ್ಷಕ್ಕೆ ಎರಡು ಪೀಳಿಗೆ ಕಾಣುವ ತಳಿ. ಚಾಕಿ ಕೇಂದ್ರದಿಂದ, ಅಂದರೆ ಮರಿಹುಳು ಸಾಕಿಕೊಡುವ ಕಡೆಯಿಂದ, ಎರಡನೇ ಜ್ವರ ಆದ ಹುಳು ತರುತ್ತೇವೆ. ಹಾಗಾಗಿ ನಮ್ಮ ಮನೆಯಲ್ಲಿ ಮೂರನೇ ಹಂತಕ್ಕೆ 26 ಡಿಗ್ರಿ, ಶೇ 80 ತೇವಾಂಶ. ನಾಲ್ಕನೇ ಹಂತಕ್ಕೆ 25 ಡಿಗ್ರಿ, ಶೇ 75. ಐದನೆಯದಕ್ಕೆ 24 ಡಿಗ್ರಿ, ಶೇ 70. ಚಾಕಿಯನ್ನೂ ಮನೆಯಲ್ಲೇ ಕಟ್ಟುವವರಿಗೆ 27ರಿಂದ 28 ಡಿಗ್ರಿ, ಶೇ 85ರ ಮೇಲೆ ಬೇಕು. ಹುಳು ಜ್ವರಕ್ಕೆ ಕೂತಾಗ ತೇವ ಇಳಿಯಬೇಕು, ಸೊಪ್ಪು, ಹುಳು ಹರಡಿದ ಹಾಸಿಗೆ ಒಣಗಿರಬೇಕು. ಹಣ್ಣಾಗಿ, ಅಂದರೆ ಗೂಡು ಕಟ್ಟಲು ಸಿದ್ಧವಾಗಿ, ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಟ್ಟ ಮೇಲೆ 24-25 ಡಿಗ್ರಿ, ಶೇ 60ರಿಂದ 65, ಜೊತೆಗೆ ಧಾರಾಳ ಗಾಳಿ. ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯವರು, ನಿಮ್ಮ ತಾಲ್ಲೂಕಿನ ರೇಷ್ಮೆ ಇಲಾಖೆಯವರು ನಿಮ್ಮ ತಳಿಗೆ ಹೊಂದುವ ಅಂಕಿ ಹೇಳುತ್ತಾರೆ. ಕೇಳಿ ಬರೆದುಕೊಳ್ಳಿ.

ಇಲ್ಲಿ ಗಮನಿಸಿ: ಹುಳು ಬೆಳೆದಂತೆ ಎರಡು ಅಂಕಿಯೂ ಇಳಿಯುತ್ತವೆ. ಅಂದರೆ ಫೋನಿನಲ್ಲಿ ಒಂದೇ ಮಿತಿ ಹಾಕಿ ಇಪ್ಪತ್ತು ದಿನ ಬಿಟ್ಟರೆ ಆಗದು. ಪ್ರತಿ ಜ್ವರ ಎದ್ದ ದಿನ ಮಿತಿ ಬದಲಿಸಬೇಕು.

ಯಾವ ಸೆನ್ಸರ್

ಅಂಗಡಿಯಲ್ಲಿ ಮೊದಲು ಕೈಗೆ ಸಿಗುವುದು ನೀಲಿ ಬಣ್ಣದ ಡಿಎಚ್‌ಟಿ 11. ಅಗ್ಗ. ನಾನೂ ಅದರಿಂದಲೇ ಶುರುಮಾಡಿದ್ದು. ಆದರೆ ಅದರ ಉಷ್ಣಾಂಶದಲ್ಲಿ ಎರಡು ಡಿಗ್ರಿ, ತೇವಾಂಶದಲ್ಲಿ ಶೇ 5 ಆಚೀಚೆ ಆಗಬಹುದು ಅಂತ ತಯಾರಕರೇ ಹೇಳುತ್ತಾರೆ. 24 ಬೇಕಾದ ಕಡೆ 26 ಇದ್ದರೂ ಅದು 24 ಅನ್ನಬಹುದು. ಹುಳುವಿಗೆ ಇದು ಬೇಡ. ಬಿಳಿ ಬಣ್ಣದ ಡಿಎಚ್‌ಟಿ 22 ಅರ್ಧ ಡಿಗ್ರಿಯಷ್ಟು ನಿಖರ, ತೇವಾಂಶದಲ್ಲಿ ಶೇ 2ರಿಂದ 5 ವ್ಯತ್ಯಾಸ. ಪರವಾಗಿಲ್ಲ. ಈಗ ನಾನು ಹಾಕಿರುವುದು ಎಸ್‌ಎಚ್‌ಟಿ 31: ಉಷ್ಣಾಂಶದಲ್ಲಿ 0.2 ಡಿಗ್ರಿ, ತೇವಾಂಶದಲ್ಲಿ ಶೇ 2. ಬೆಲೆ ಡಿಎಚ್‌ಟಿ 22ಕ್ಕಿಂತ ಸ್ವಲ್ಪ ಹೆಚ್ಚು. ಒಂದು ಬೆಳೆಯ ಸೊಪ್ಪಿನ ಕೂಲಿಯ ಮುಂದೆ ಆ ವ್ಯತ್ಯಾಸ ಏನೂ ಅಲ್ಲ, ಇಲ್ಲಿ ಉಳಿಸಲು ಹೋಗಬೇಡಿ.

ಸೆನ್ಸರಿನ ಅಂಕಿ ಓದಿ ವೈಫೈನಲ್ಲಿ ಕಳಿಸುವ ಬೋರ್ಡಿಗೆ ನೋಡ್‌ಎಂಸಿಯು, ಅಂದರೆ ಇಎಸ್‌ಪಿ 8266 ಚಿಪ್ ಇರುವುದು ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲೂ ಬರುತ್ತದೆ. ಎರಡು ಸೆನ್ಸರ್, ಒಂದು ಬೋರ್ಡು, ಐದು ವೋಲ್ಟಿನ ಮಿನಿ ಯುಪಿಎಸ್, ವೈರು, ಡಬ್ಬಿ ಎಲ್ಲ ಸೇರಿ ನನಗೆ ಮೂರು ಸಾವಿರದೊಳಗೆ ಆಯಿತು.

ಬೆಸುಗೆ, ಪ್ರೋಗ್ರಾಂ ಬೇಡ ಅನ್ನುವವರಿಗೆ ಸಿದ್ಧ ವೈಫೈ ಸೆನ್ಸರ್‌ಗಳಿವೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಏನು ಬರೆದಿದೆ ಓದಿ. ಬ್ಲೂಟೂತ್ ಮಾತ್ರ ಇದ್ದರೆ ಹತ್ತಿಪ್ಪತ್ತು ಮೀಟರಿನಾಚೆ ಅಂಕಿ ಸಿಗದು, ಅಂಕಿಯನ್ನು ಇಂಟರ್ನೆಟ್ಟಿಗೆ ದಾಟಿಸುವ ಗೇಟ್‌ವೇ ಜೊತೆಗೆ ಬೇಕಾಗುತ್ತದೆ. ಜಿಗ್ಬೀ ಅನ್ನುವ ಇನ್ನೊಂದು ಬಗೆಯ ನಿಸ್ತಂತು ಇದ್ದರೆ ಅದಕ್ಕೂ ಅಂಥದ್ದೇ ಹಬ್ ಬೇಕು. ಬ್ಯಾಟರಿಯ ವೈಫೈ ಸೆನ್ಸರ್‌ಗಳಲ್ಲಿ ಕೆಲವು ಬ್ಯಾಟರಿ ಉಳಿಸಲು ತಡತಡವಾಗಿ ಅಂಕಿ ಕಳಿಸುತ್ತವೆ. ಶೀಟಿನ ಮನೆ ಮಧ್ಯಾಹ್ನ ಕಾಯುವ ವೇಗಕ್ಕೆ ಅರ್ಧ ಗಂಟೆ ತಡ ಬಹಳವೇ ಆಯಿತು.

ಜೋಡಣೆ

ಸೆನ್ಸರ್‌ಗೆ ನಾಲ್ಕೇ ಕಾಲು. ವಿನ್ ಅನ್ನುವುದು ಬೋರ್ಡಿನ 3.3 ವೋಲ್ಟಿಗೆ, ಜಿಎನ್‌ಡಿ ಜಿಎನ್‌ಡಿಗೆ, ಎಸ್‌ಸಿಎಲ್ ಡಿ1ಕ್ಕೆ, ಎಸ್‌ಡಿಎ ಡಿ2ಕ್ಕೆ. ಎರಡನೇ ಸೆನ್ಸರ್ ಕೂಡ ಅವೇ ನಾಲ್ಕು ಕಾಲಿಗೆ ಸೇರುತ್ತದೆ. ಆದರೆ ಎರಡಕ್ಕೂ ಒಂದೇ ವಿಳಾಸ ಇದ್ದರೆ ಬೋರ್ಡಿಗೆ ಯಾರು ಮಾತಾಡುತ್ತಿದ್ದಾರೆ ಗೊತ್ತಾಗದು. ಅದಕ್ಕೆ ಎರಡನೆಯದರಲ್ಲಿ ಎ.ಡಿ. ಅಂತ ಬರೆದಿರುವ ಕಾಲನ್ನು 3.3 ವೋಲ್ಟಿಗೆ ಕೊಡಿ, ವಿಳಾಸ ಬದಲಾಗುತ್ತದೆ. ವೈರು ಒಂದು ಮೀಟರಿನ ಆಸುಪಾಸಿನಲ್ಲಿರಲಿ, ಉದ್ದವಾದಷ್ಟೂ ಅಂಕಿ ತಪ್ಪಿ ತಪ್ಪಿ ಬರುತ್ತದೆ. ಹುಳು ಮನೆ ಉದ್ದವಿದ್ದರೆ ವೈರು ಎಳೆಯುವ ಬದಲು ಇನ್ನೊಂದು ಬೋರ್ಡು ಹಾಕಿ.

ಸೆನ್ಸರನ್ನು ಬೋರ್ಡಿನ ಡಬ್ಬಿಯೊಳಗೇ ಇಡಬೇಡಿ. ಬೋರ್ಡು ಕೆಲಸ ಮಾಡುವಾಗ ತಾನೇ ಬಿಸಿಯಾಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ನಾನು ಇಟ್ಟು ನೋಡಿದಾಗ ಕೋಣೆಗಿಂತ ಎರಡೂವರೆ ಡಿಗ್ರಿ ಹೆಚ್ಚು ತೋರಿಸಿತು. ಉಷ್ಣಾಂಶ ಹೆಚ್ಚು ತೋರಿಸಿದರೆ ತೇವಾಂಶ ತಾನಾಗಿ ಕಡಿಮೆ ತೋರಿಸುತ್ತದೆ, ಎರಡೂ ಸುಳ್ಳು. ಬೋರ್ಡು ಡಬ್ಬಿಯಲ್ಲಿ, ಗೋಡೆಯ ಮೇಲೆ. ಸೆನ್ಸರ್ ಮಾತ್ರ ವೈರಿನ ತುದಿಯಲ್ಲಿ ಹೊರಗೆ. ಡಬ್ಬಿಯ ವೈರಿನ ತೂತಿಗೆ ಎಂ-ಸೀಲ್ ಹಾಕಿ, ಇಲ್ಲದಿದ್ದರೆ ಹಲ್ಲಿ, ಇರುವೆ ಒಳಗೆ ಮನೆ ಮಾಡುತ್ತವೆ.

ಪ್ರೋಗ್ರಾಂ ಅರ್ಡುಯಿನೋ ಅನ್ನುವ ಉಚಿತ ತಂತ್ರಾಂಶದಲ್ಲಿ ಬರೆದೆ. ಎಸ್‌ಎಚ್‌ಟಿ 31ರ ಲೈಬ್ರರಿ (ಸಿದ್ಧ ಕೋಡು) ಉಚಿತವಾಗಿ ಸಿಗುತ್ತದೆ, ಉದಾಹರಣೆಯೂ ಅದರಲ್ಲೇ ಇರುತ್ತದೆ. ನಾನು ಸೇರಿಸಿಕೊಂಡದ್ದು ಮೂರು ಸಂಗತಿ. ಒಂದೊಂದು ನಿಮಿಷಕ್ಕೆ ಐದು ಸಲ ಅಳೆದು, ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿಯನ್ನು ಮಾತ್ರ ಕಳಿಸುವುದು. ವೈಫೈ ಸಿಗದೆ ಹತ್ತು ನಿಮಿಷ ಆದರೆ ಬೋರ್ಡು ತಾನೇ ಮತ್ತೆ ಶುರುವಾಗುವುದು. ಅಂಕಿ ಸತತ ಹತ್ತು ನಿಮಿಷ ಮಿತಿಯಾಚೆ ಇದ್ದರೆ ಮಾತ್ರ ಎಚ್ಚರಿಕೆ ಕೊಡುವುದು. ಕಡೆಯದು ಮುಖ್ಯ. ಸೊಪ್ಪು ಹಾಕಲು ಬಾಗಿಲು ತೆಗೆದಾಗಲೆಲ್ಲ ಅಂಕಿ ಕುಣಿಯುತ್ತದೆ. ಪ್ರತಿ ಕುಣಿತಕ್ಕೂ ಸೈರನ್ ಕೂಗಿದರೆ ಮೂರನೇ ದಿನ ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ತೋಟದಿಂದ ಫೋನಿಗೆ

ಈ ಬೋರ್ಡಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ಹುಳು ಮನೆ ಮನೆಯ ಪಕ್ಕದಲ್ಲೇ ಇದ್ದರೆ ಮನೆಯ ರೂಟರ್ ಸಾಕು. ನಮ್ಮದು ಕಾಲುವೆಯಾಚೆ, ಅಲ್ಲಿಗೆ ತಲುಪಲಿಲ್ಲ. ಮೊದಲು ಹಳೆಯ ಫೋನನ್ನು ಹಾಟ್‌ಸ್ಪಾಟ್ ಮಾಡಿ ಇಟ್ಟೆ. ಹಾಗೆ ಮಾಡುವವರು ಯಾರೂ ಸೇರದಿದ್ದಾಗ ಹಾಟ್‌ಸ್ಪಾಟ್ ತಾನಾಗಿ ಆರುವ ಸೆಟ್ಟಿಂಗನ್ನು ತೆಗೆದುಹಾಕಿ. ಆದರೂ ಹಗಲಿರುಳು ಚಾರ್ಜಿಗೆ ಹಾಕಿದ ಫೋನಿನ ಬ್ಯಾಟರಿ ಶೀಟಿನ ಕೆಳಗಿನ ಕಾವಿಗೆ ಎರಡು ತಿಂಗಳಲ್ಲಿ ಉಬ್ಬಿಕೊಂಡಿತು. ಉಬ್ಬಿದ ಬ್ಯಾಟರಿ ಅಪಾಯ, ಅದನ್ನು ಮುಂದುವರಿಸಬೇಡಿ. ಈಗ ಸಿಮ್ ಹಾಕುವ ಸಣ್ಣ 4ಜಿ ರೂಟರ್ ಇದೆ. ಅಂಕಿ ಕಳಿಸಲು ಡೇಟಾ ಬಹಳ ಕಡಿಮೆ ಸಾಕು.

ಹಳ್ಳಿಯಲ್ಲಿ ಕರೆಂಟು ಹೋಗುವುದು ಇದ್ದದ್ದೇ, ಕರೆಂಟು ಹೋದ ಹೊತ್ತಿಗೇ ಸೆನ್ಸರ್ ಹೆಚ್ಚು ಬೇಕು. ಹಾಗಾಗಿ ಬೋರ್ಡು, ರೂಟರ್ ಎರಡಕ್ಕೂ ಮಿನಿ ಯುಪಿಎಸ್ ಕೊಡಿ. ಪವರ್ ಬ್ಯಾಂಕಿನಲ್ಲಿ ಎರಡು ತೊಂದರೆ ಕಂಡೆ: ಬೋರ್ಡು ಎಳೆಯುವ ಕರೆಂಟು ಕಡಿಮೆ ಅಂತ ಕೆಲವು ತಾವೇ ಆರುತ್ತವೆ, ಕೆಲವು ಚಾರ್ಜ್ ಆಗುತ್ತಿರುವಾಗ ಹೊರಗೆ ಕೊಡುವುದಿಲ್ಲ.

ಸಿಗ್ನಲ್ಲೇ ಇಲ್ಲದ ತೋಟಕ್ಕೆ ಲೋರಾ ಅನ್ನುವ, ದೂರಕ್ಕೆ ತಲುಪುವ ರೇಡಿಯೋ ದಾರಿ ಇದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದು. ತೋಟದಲ್ಲೊಂದು, ಮನೆಯಲ್ಲೊಂದು ಇಟ್ಟರೆ ಬಯಲಿನಲ್ಲಿ ಕಿಲೋಮೀಟರ್ ದೂರವನ್ನೂ ದಾಟುತ್ತದೆ. ಕೊಳ್ಳುವಾಗ 433 ಅಥವಾ 915 ಅಂತ ಬರೆದದ್ದನ್ನು ತರಬೇಡಿ.

ಅಂಕಿ ಹೋಗಿ ಕೂರುವ ಜಾಗಕ್ಕೆ ನಾನು ಥಿಂಗ್‌ಸ್ಪೀಕ್ ಅನ್ನುವ ಜಾಲತಾಣ ಬಳಸುತ್ತೇನೆ. ಉಚಿತ ಖಾತೆಯಲ್ಲಿ ಹದಿನೈದು ಸೆಕೆಂಡಿಗೊಮ್ಮೆ ಕಳಿಸಬಹುದು, ನಮಗೆ ನಿಮಿಷಕ್ಕೊಂದು ಸಾಕು. ಹುಳುವಿನ ಸ್ಟ್ಯಾಂಡಿನ ಕೆಳಗಿನ ಅಂತಸ್ತಿನ ಎರಡು ಅಂಕಿ, ಮೇಲಿನ ಅಂತಸ್ತಿನ ಎರಡು ಅಂಕಿ, ಐದನೆಯದು ಎಚ್ಚರಿಕೆ ಇದೆಯೋ ಇಲ್ಲವೋ ಅನ್ನುವುದು. ಸಂದೇಶಕ್ಕೆ ಟೆಲಿಗ್ರಾಂ. ಅದರಲ್ಲಿ ಬಾಟ್‌ಫಾದರ್ ಅಂತ ಹುಡುಕಿ ಹೊಸ ಬಾಟ್ (ತಾನಾಗಿ ಸಂದೇಶ ಕಳಿಸುವ ಖಾತೆ) ಮಾಡಿದರೆ ಉದ್ದನೆಯ ಟೋಕನ್ ಕೊಡುತ್ತದೆ. ಆ ಟೋಕನ್ ಬೀಗದ ಕೈ ಇದ್ದ ಹಾಗೆ, ಯಾರಿಗೂ ಕಳಿಸಬೇಡಿ. ನೀವು ಮೊದಲು ಬಾಟ್‌ಗೆ ಒಂದು ಸಂದೇಶ ಹಾಕಬೇಕು, ಆಮೇಲಷ್ಟೇ ಅದು ನಿಮಗೆ ಕಳಿಸಬಲ್ಲದು. ನಾನು ಇದು ಗೊತ್ತಿಲ್ಲದೆ ಒಂದು ಭಾನುವಾರವಿಡೀ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದ್ದೆ.

ಅತಿ ಮುಖ್ಯವಾದ ಎಚ್ಚರಿಕೆ ಯಾವುದು ಅಂದರೆ, ಅಂಕಿ ಬಾರದಿದ್ದಾಗ ಬರುವ ಎಚ್ಚರಿಕೆ. ಯುಪಿಎಸ್ ಬರಿದಾಯಿತು, ಸಿಮ್ ರೀಚಾರ್ಜ್ ಮುಗಿಯಿತು, ಇಲಿ ವೈರು ಕಡಿಯಿತು. ಆಗ ಬೋರ್ಡು ಯಾವ ಸಂದೇಶವನ್ನೂ ಕಳಿಸಲಾರದು. ನಾವು ಎಲ್ಲ ಸರಿಯಿದೆ ಅಂದುಕೊಂಡು ಕೂತಿರುತ್ತೇವೆ. ಹಾಗಾಗಿ ಈ ಕಾವಲು ಬೋರ್ಡಿನಲ್ಲಿರಬಾರದು, ಅಂಕಿ ಹೋಗಿ ಸೇರುವ ಕಡೆ ಇರಬೇಕು. ಥಿಂಗ್‌ಸ್ಪೀಕ್‌ನ ರಿಯಾಕ್ಟ್ ಅನ್ನುವಲ್ಲಿ ಇಷ್ಟು ಹೊತ್ತು ಅಂಕಿ ಬರದಿದ್ದರೆ ತಿಳಿಸು ಅಂತ ಹೇಳಬಹುದು. ನನ್ನದು ಇಪ್ಪತ್ತು ನಿಮಿಷ. ಹಾಕಿದ ದಿನವೇ ವೈರು ಕಿತ್ತು, ಸಂದೇಶ ಬರುತ್ತದೆಯೋ ನೋಡಿ.

ಅವ್ವನ ಹತ್ತಿರ ಇರುವುದು ಬಟನ್ ಫೋನು. ಟೆಲಿಗ್ರಾಂ ಸಂದೇಶ ನನಗೆ ಬಂದು, ನಾನು ಎಚ್ಚರವಾಗಿ, ಫೋನ್ ಮಾಡಬೇಕು. ರಾತ್ರಿ ಪಾಳಿಯಲ್ಲಿ ಕಾರ್ಖಾನೆಯೊಳಗೆ ಫೋನು ಒಯ್ಯುವಂತಿಲ್ಲ. ಆದ್ದರಿಂದ ಊರಿನ ಮನೆಯಲ್ಲಿ ಇನ್ನೊಂದು ಬೋರ್ಡಿಗೆ ರಿಲೇ (ಬೋರ್ಡು ಒತ್ತುವ ಸ್ವಿಚ್ಚು), 12 ವೋಲ್ಟಿನ ಸಣ್ಣ ಸೈರನ್ ಕಟ್ಟಿದೆ. ಅದು ನಿಮಿಷಕ್ಕೊಮ್ಮೆ ಆ ಐದನೇ ಅಂಕಿಯನ್ನು ಓದುತ್ತದೆ, ಎಚ್ಚರಿಕೆ ಇದ್ದರೆ ಕೂಗುತ್ತದೆ. ಅಂಕಿ ಓದಲು ಸಿಗದಿದ್ದರೂ ಕೂಗುತ್ತದೆ.

ಎಲ್ಲಿ ತೂಗುಹಾಕಬೇಕು

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನಾನು ತಪ್ಪಿದ್ದು ಇಲ್ಲೇ.

ಮೊದಲ ಸೆನ್ಸರನ್ನು ಬಾಗಿಲ ಪಕ್ಕದ ಸ್ವಿಚ್ಚಿನ ಹತ್ತಿರ ಹಾಕಿದ್ದೆ. ಕರೆಂಟು ಅಲ್ಲಿತ್ತು, ಅದೊಂದೇ ಕಾರಣ. ಮಧ್ಯಾಹ್ನ ಮೈಸೂರಿಂದ ಫೋನ್ ಮಾಡಿ, "ಅವ್ವಾ, 27 ಐತೆ, ಪರ್ವಾಗಿಲ್ಲ" ಅಂದೆ. ಅವ್ವ ಮೇಲಿನ ಅಂತಸ್ತಿನ ಹಾಸಿಗೆಗೆ ಕೈಯಿಟ್ಟು ನಿಂತಿದ್ದಳು. "ನಿನ್ ಮಿಸಿನ್ನು ಸುಳ್ಳೇಳ್ತದೆ ಕಣವ್ವ. ಇಲ್ಲಿ ಸೊಪ್ಪು ಬೆಚ್ಚಗಾಗದೆ" ಅಂದಳು. ಆ ವಾರ ಊರಿಗೆ ಹೋದಾಗ ಒಂದೇ ಥರ್ಮಾಮೀಟರನ್ನು ಹಿಡಿದು ಕೋಣೆಯಲ್ಲೆಲ್ಲ ನಡೆದೆ. ಮಧ್ಯಾಹ್ನ ಮೂರು ಗಂಟೆ. ಬಾಗಿಲಲ್ಲಿ 27. ನಡುವಿನ ಸ್ಟ್ಯಾಂಡಿನ ಕೆಳ ಅಂತಸ್ತಿನಲ್ಲಿ 28. ಮೇಲಿನ ಅಂತಸ್ತಿನಲ್ಲಿ, ಸಿಮೆಂಟ್ ಶೀಟಿನಿಂದ ನಾಲ್ಕು ಅಡಿ ಕೆಳಗೆ, 31.5. ಪಡುವಣ ಗೋಡೆಯ ಪಕ್ಕದ ಮೇಲಿನ ಅಂತಸ್ತಿನಲ್ಲಿ 32. ಒಂದೇ ಕೋಣೆ, ಐದು ಡಿಗ್ರಿ ವ್ಯತ್ಯಾಸ. ಅವ್ವನ ಕೈಯೇ ಸರಿ ಹೇಳಿತ್ತು.

ನೀವೂ ಹಾಗೇ ಮಾಡಿ. ಸೆನ್ಸರ್ ಕಟ್ಟುವ ಮೊದಲು ಒಂದು ಥರ್ಮಾಮೀಟರ್ ಹಿಡಿದು ಮೂರು ಹೊತ್ತು ಕೋಣೆ ಸುತ್ತಿ: ಬೆಳಗಿನ ಜಾವ, ಮಧ್ಯಾಹ್ನ ಮೂರು, ರಾತ್ರಿ ಹತ್ತು. ಒಂದೊಂದು ಜಾಗದಲ್ಲೂ ಐದು ನಿಮಿಷ ಬಿಟ್ಟು ಓದಿ. ಅತಿ ಬಿಸಿ ಜಾಗದಲ್ಲಿ ಒಂದು ಸೆನ್ಸರ್, ಅತಿ ತಣ್ಣನೆ ಜಾಗದಲ್ಲಿ ಇನ್ನೊಂದು. ಈ ಎರಡರ ನಡುವೆ ಉಳಿದ ಹುಳುವೆಲ್ಲ ಇರುತ್ತದೆ. ಸರಾಸರಿಯ ಜಾಗ ಹುಡುಕುವುದು ಬೇಡ. ಹುಳು ಸಾಯುವುದು ಸರಾಸರಿ ಜಾಗದಲ್ಲಲ್ಲ.

ಎತ್ತರ ಹುಳುವಿನ ಎತ್ತರವೇ ಇರಲಿ. ನಾನು ಸ್ಟ್ಯಾಂಡಿನ ಕಂಬಕ್ಕೆ ಬಿದಿರಿನ ಕಡ್ಡಿ ಅಡ್ಡ ಕಟ್ಟಿ, ಅದರ ತುದಿಯಿಂದ ಸೆನ್ಸರ್ ಹಾಸಿಗೆಯ ಮೇಲೆ ಒಂದು ಗೇಣು ಎತ್ತರದಲ್ಲಿ ತೂಗುವಂತೆ ಮಾಡಿದ್ದೇನೆ. ಅದಕ್ಕಿಂತ ಕೆಳಗಾದರೆ ಕಡ್ಡಿ ಸಮೇತ ಸೊಪ್ಪು ಹಾಕುವಾಗ ತಗಲುತ್ತದೆ, ಒದ್ದೆ ಸೊಪ್ಪಿನ ನೀರು ಕೂರುತ್ತದೆ. ಕಬ್ಬಿಣದ ಕಂಬಕ್ಕೆ, ಗೋಡೆಗೆ ಅಂಟಿಸಿದರೆ ಗಾಳಿಯ ಬದಲು ಕಬ್ಬಿಣದ, ಗೋಡೆಯ ಬಿಸಿ ಓದುತ್ತದೆ. ಕಿಟಕಿಯ ಬಿಸಿಲು, ಫ್ಯಾನಿನ ನೇರ ಗಾಳಿ, ಒದ್ದೆ ಗೋಣಿತಾಟಿನ ಪಕ್ಕ, ಇದ್ದಿಲ ಒಲೆಯ ಪಕ್ಕ ಯಾವುದೂ ಬೇಡ.

ಅಂಕಿ ನಿಜವೋ ಅಲ್ಲವೋ

ನನ್ನ ಕೆಲಸವೇ ಇದಾದ್ದರಿಂದ ಇದನ್ನು ಬಿಡಲಾರೆ. ಹೊಸ ಸೆನ್ಸರ್ ಅಂತ ನಂಬಬೇಡಿ. ತೇವಾಂಶವನ್ನು ಮನೆಯ ಉಪ್ಪಿನಿಂದಲೇ ಪರೀಕ್ಷಿಸಬಹುದು.

ಅಗಲ ಬಾಯಿಯ ಗಾಜಿನ ಬಾಟಲಿ ತೆಗೆದುಕೊಳ್ಳಿ, ಮುಚ್ಚಳ ಬಿಗಿ ಇರಬೇಕು. ನಮ್ಮದು ಉಪ್ಪಿನಕಾಯಿಯದು, ಮೂರು ಸಲ ತೊಳೆದು ಬಿಸಿಲಿಗಿಟ್ಟದ್ದು. ಒಂದು ಚಿಕ್ಕ ಮುಚ್ಚಳದಲ್ಲಿ ಎರಡು ಚಮಚ ಪುಡಿಯುಪ್ಪು ಹಾಕಿ, ಹನಿ ಹನಿಯಾಗಿ ನೀರು ಬಿಡಿ. ಒದ್ದೆ ಮರಳಿನ ಹಾಗಾದಾಗ ನಿಲ್ಲಿಸಿ. ಉಪ್ಪು ಪೂರ್ತಿ ಕರಗಿ ನೀರಾದರೆ ಪರೀಕ್ಷೆ ಕೆಟ್ಟಿತು; ಕರಗದ ಉಪ್ಪು ಕಣ್ಣಿಗೆ ಕಾಣುತ್ತಿರಬೇಕು. ಕಲ್ಲುಪ್ಪು ಬೇಡ, ಅದರಲ್ಲಿ ಬೇರೆ ಲವಣ ಬೆರೆತಿರುತ್ತದೆ, ತೇವ ಕಡಿಮೆ ತೋರಿಸುತ್ತದೆ. ಈ ಮುಚ್ಚಳವನ್ನು ಬಾಟಲಿಯ ತಳದಲ್ಲಿಟ್ಟು, ಸೆನ್ಸರ್ ಉಪ್ಪಿಗೆ ತಾಗದಂತೆ ಮೇಲೆ ತೂಗುಬಿಟ್ಟು, ವೈರು ಬರುವ ತೂತನ್ನು ಎಂ-ಸೀಲಿನಿಂದ ಮುಚ್ಚಿ. ಬಿಸಿಲು, ಒಲೆ ಇಲ್ಲದ ಕಡೆ ಒಂದು ರಾತ್ರಿ ಬಿಡಿ. ನಮ್ಮ ಮನೆಯೊಳಗಿನ ಉಷ್ಣಾಂಶದಲ್ಲಿ ಆ ಬಾಟಲಿಯೊಳಗಿನ ತೇವಾಂಶ ಶೇ 75ಕ್ಕೆ ಬಂದು ನಿಲ್ಲುತ್ತದೆ. ಉಪ್ಪಿನ ಗುಣವೇ ಅದು. ಬೆಳಗ್ಗೆ ಸೆನ್ಸರ್ 79 ಅಂದರೆ ಅದು ನಾಲ್ಕು ಹೆಚ್ಚು ಹೇಳುತ್ತಿದೆ, ಪ್ರೋಗ್ರಾಂನಲ್ಲಿ ನಾಲ್ಕು ಕಳೆಯಿರಿ. ಹತ್ತಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸರಿಪಡಿಸಲು ಹೋಗದೆ ಎಸೆಯಿರಿ.

ಹುಳು ಮನೆಯಲ್ಲಿ ಒಣ-ಒದ್ದೆ ಬಲ್ಬಿನ ಹಳೆಯ ಮಾಪಕ ಇರುವವರು ಅದನ್ನು ತೆಗೆಯಬೇಡಿ. ಒಣ ಬಲ್ಬು 26, ಒದ್ದೆ ಬಲ್ಬು 23.5 ಇದ್ದರೆ ತೇವಾಂಶ ಶೇ 80ರ ಸುಮಾರು. ಸೆನ್ಸರ್ ಕೂಡ ಅಷ್ಟೇ ಹೇಳಬೇಕು. ಎರಡೂ ಹೊಂದದಿದ್ದರೆ ಮೊದಲು ಬತ್ತಿಯನ್ನು ನೋಡಿ. ನಮ್ಮ ಕೊಳವೆಬಾವಿ ನೀರು ಗಡಸು. ಬತ್ತಿಗೆ ಬಿಳಿ ಪದರ ಕಟ್ಟಿ ನೀರು ಏರುವುದೇ ನಿಲ್ಲುತ್ತದೆ, ಆಗ ಒದ್ದೆ ಬಲ್ಬು ಸರಿಯಾಗಿ ತಣಿಯದೆ ತೇವಾಂಶ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಕುಡಿಯುವ ಫಿಲ್ಟರ್ ನೀರು ಹಾಕಿ, ಪ್ರತಿ ಬೆಳೆಗೂ ಬತ್ತಿ ಬದಲಿಸಿ.

ಎಚ್ಚರಿಕೆ ಬಂದಾಗ

ಉಷ್ಣಾಂಶದ ಜೊತೆ ತೇವಾಂಶವೂ ಯಾಕೆ ಬೇಕು ಅನ್ನುವುದು ಇಲ್ಲಿ ತಿಳಿಯುತ್ತದೆ. ಏಪ್ರಿಲ್‌ನಲ್ಲಿ 31 ಡಿಗ್ರಿ, ಶೇ 45 ಅಂತ ಬಂದರೆ ಗೋಣಿತಾಟು ನೆನೆಸಬೇಕು, ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ ನೀರು ಚಿಮುಕಿಸಬೇಕು. ಜುಲೈ ಮಳೆಯಲ್ಲಿ ಕೊನೇ ಹಂತದ ಹುಳುವಿಗೆ 29 ಡಿಗ್ರಿ, ಶೇ 90 ಅಂತ ಬಂದರೆ ನೀರಿನ ಹನಿಯೂ ಒಳಗೆ ಹೋಗಬಾರದು. ಗೋಣಿತಾಟು ಸರಿಸಿ, ಎದುರುಬದುರು ಕಿಟಕಿ ತೆಗೆದು, ಹಾಸಿಗೆಗೆ ಸುಣ್ಣದ ಪುಡಿ ಉದುರಿಸಬೇಕು. ಆ ತೇವದಲ್ಲಿ ಸುಣ್ಣಕಟ್ಟು ರೋಗ ಹಬ್ಬುತ್ತದೆ. ಬಿಸಿ ಅಂತ ಮಾತ್ರ ಗೊತ್ತಿದ್ದರೆ ಎರಡು ಸಲವೂ ನೀರೇ ಹಾಕಿರುತ್ತಿದ್ದೆವು.

ಚಳಿಗಾಲದ್ದು ಇನ್ನೊಂದು. ಜನವರಿ ರಾತ್ರಿ ಕೋಣೆ 20 ಡಿಗ್ರಿ, ಶೇ 80 ಇತ್ತು. ಮೂರನೇ ಹಂತದ ಹುಳುವಿಗೆ 26 ಬೇಕು ಅಂತ ಒಲೆ ಹಚ್ಚಿದೆವು. ಉಷ್ಣಾಂಶ ಸರಿಯಾಗಿ 26ಕ್ಕೆ ಬಂತು. ತೇವಾಂಶದ ಗೆರೆ ಮಾತ್ರ ಜಾರಿ ಜಾರಿ 55ಕ್ಕೆ ಇಳಿಯಿತು. ಗಾಳಿ ಬಿಸಿಯಾದಂತೆ ಹೆಚ್ಚು ನೀರು ಹಿಡಿಯಬಲ್ಲದು; ಇರುವ ನೀರು ಅಷ್ಟೇ, ಆದ್ದರಿಂದ ಶೇಕಡಾ ಇಳಿಯುತ್ತದೆ. ಅಷ್ಟು ವರ್ಷ ಚಳಿಗಾಲದಲ್ಲಿ ಸೊಪ್ಪು ಬೇಗ ಬಾಡುತ್ತದೆ ಅಂತ ಅವ್ವ ಹೇಳುತ್ತಿದ್ದಳು, ಕಾರಣ ಇದೇ. ಈಗ ಬೆಂಕಿಯ ಜೊತೆಗೇ ಅಗಲ ಬಾಂಡಲಿಯಲ್ಲಿ ನೀರು ಕಾಯುತ್ತದೆ. ಒಂದು ಮಾತು: ಇದ್ದಿಲ ಹೊಗೆಯ ವಿಷಗಾಳಿಯನ್ನು ಈ ಸೆನ್ಸರ್ ಅಳೆಯುವುದಿಲ್ಲ. ಎಲ್ಲ ಕಿಟಕಿ ಮುಚ್ಚಿ ಇದ್ದಿಲು ಉರಿಸಿ ಒಳಗೆ ಮಲಗಬೇಡಿ, ಮೇಲಿನ ಗವಾಕ್ಷಿ ತೆರೆದಿರಲಿ. ಹುಳುವಿಗೂ ಅದು ಬೇಕು.

ಚಂದ್ರಿಕೆಗೆ ಬಿಟ್ಟ ಎರಡು ದಿನ ನಾನು ಕೋಣೆಯ ಉಷ್ಣಾಂಶಕ್ಕಿಂತ ತೇವಾಂಶವನ್ನೇ ನೋಡುತ್ತೇನೆ. ಹಣ್ಣಾದ ಹುಳು ಗೂಡು ಕಟ್ಟುವ ಮೊದಲು ಮೈಯ ನೀರು ಬಿಡುತ್ತದೆ. ಸಾವಿರಾರು ಹುಳು ಒಟ್ಟಿಗೆ ಬಿಟ್ಟಾಗ ಗೆರೆ ಒಂದೇ ರಾತ್ರಿಯಲ್ಲಿ 65ರಿಂದ 85ಕ್ಕೆ ಹೋದದ್ದನ್ನು ಕಂಡಿದ್ದೇನೆ. ಆ ತೇವದಲ್ಲಿ ಕಟ್ಟಿದ ಗೂಡಿನ ಬಿಚ್ಚಾಣಿಕೆ (ನೂಲು ಕಡಿಯದೆ ಬಿಚ್ಚಿ ಬರುವ ಗುಣ) ಚೆನ್ನಾಗಿರದು, ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರ್ ಕೈಗೆತ್ತಿಕೊಂಡ ಕೂಡಲೇ ಹೇಳಿಬಿಡುತ್ತಾನೆ. ಕಿಟಕಿ ತೆಗೆಯುವುದು ಒಂದೇ ದಾರಿ, ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ಬಾರದಂತೆ ಹಾಕಿದ ಪರದೆ ಮಾತ್ರ ಬಿಗಿಯಾಗಿರಲಿ.

ಗ್ರಾಫಿನಿಂದ ಇನ್ನೊಂದು ಕಲಿತೆ. ಅವ್ವ ವರ್ಷಾನುಗಟ್ಟಲೆ ಚಳಿಗಾಲದಲ್ಲಿ ರಾತ್ರಿ ಹನ್ನೆರಡಕ್ಕೆ ಎದ್ದು, ಟಾರ್ಚು ಹಿಡಿದು, ಕಾಲುವೆ ದಾಟಿ ಹೋಗಿ ನೋಡುತ್ತಿದ್ದಳು. ಒಂದು ತಿಂಗಳ ಗೆರೆ ಒಟ್ಟಿಗೆ ನೋಡಿದಾಗ ಕೋಣೆ ಅತಿ ತಣ್ಣಗಾಗುವುದು ಬೆಳಗಿನ ಐದೂವರೆ, ಆರರ ಹೊತ್ತಿಗೆ. ಹನ್ನೆರಡರಲ್ಲಿ ಇನ್ನೂ ಎರಡು ಡಿಗ್ರಿ ಬೆಚ್ಚಗಿರುತ್ತದೆ. ಈಗ ಅವಳು ನಾಲ್ಕೂವರೆಗೆ ಏಳುತ್ತಾಳೆ. ಹೇಗೂ ಹಸುವಿನ ಹಾಲು ಕರೆಯಲು ಏಳುವ ಹೊತ್ತು.

ಬೆಳೆ ಮುಗಿದ ಮೇಲೆ

ಗೂಡು ಬಿಡಿಸಿ ಸೋಂಕು ನಿವಾರಣೆಗೆ ಸಿದ್ಧರಾಗುವ ಮೊದಲು ಸೆನ್ಸರ್ ಬಿಚ್ಚಿ ಮನೆಗೆ ತನ್ನಿ. ಬ್ಲೀಚಿಂಗ್ ಪುಡಿ, ಕ್ಲೋರಿನ್ ಡೈಆಕ್ಸೈಡ್, ಫಾರ್ಮಲಿನ್ ಇವುಗಳ ಆವಿ ತೇವಾಂಶ ಅಳೆಯುವ ಪದರವನ್ನು ಹಾಳುಮಾಡುತ್ತದೆ. ನನ್ನ ಮೊದಲ ಎಸ್‌ಎಚ್‌ಟಿ 31 ಹಾಗೇ ಹೋಯಿತು: ಉಷ್ಣಾಂಶ ಸರಿಯಾಗಿತ್ತು, ತೇವಾಂಶ ಮಾತ್ರ ಉಪ್ಪಿನ ಬಾಟಲಿಯಲ್ಲಿ 61 ಅನ್ನುತ್ತಿತ್ತು. ನೋಡಲು ಹೊಸದರ ಹಾಗೇ ಇತ್ತು, ಬಾಟಲಿ ಇಲ್ಲದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ. ಹುಳು ಇರುವಾಗಲೂ ಸುಣ್ಣದ ಪುಡಿ, ವಿಜೇತ (ಹಾಸಿಗೆಗೆ ಹಾಕುವ ಸೋಂಕು ನಿವಾರಕ ಪುಡಿ) ಉದುರಿಸುವ ಮುಂಚೆ ಸೆನ್ಸರ್‌ಗೆ ಕಾಗದದ ಪೊಟ್ಟಣ ತೊಡಿಸಿ, ಧೂಳು ಕೂತ ಅರ್ಧ ಗಂಟೆಯ ಮೇಲೆ ತೆಗೆಯಿರಿ. ತೆಗೆಯಲು ಮರೆತರೆ ಅಂಕಿ ಮಂದವಾಗುತ್ತದೆ; ಅವ್ವ ಪೊಟ್ಟಣಕ್ಕೆ ಕೆಂಪು ದಾರ ಕಟ್ಟಿದ್ದಾಳೆ, ದೂರದಿಂದಲೇ ಕಾಣಲಿ ಅಂತ.

ದಿನಗಟ್ಟಲೆ ಶೇ 80ರ ಮೇಲೆ ಇದ್ದ ಸೆನ್ಸರ್ ಸ್ವಲ್ಪ ಕಾಲ ಎರಡು ಮೂರು ಹೆಚ್ಚು ತೋರಿಸುವುದುಂಟು, ಒಣ ಗಾಳಿಯಲ್ಲಿಟ್ಟರೆ ನಿಧಾನಕ್ಕೆ ಸರಿಹೋಗುತ್ತದೆ. ಹಾಗಾಗಿ ಬೆಳೆ ಮುಗಿದ ಕೂಡಲೇ ಪರೀಕ್ಷಿಸದೆ, ವಾರ ಬಿಟ್ಟು ಉಪ್ಪಿನ ಬಾಟಲಿಗೆ ಇಳಿಸಿ. ಬಂದ ಅಂಕಿಯನ್ನು ತಾರೀಖಿನ ಜೊತೆ ಬರೆದಿಡಿ. ನಾವು ಬರೆಯುವುದು ಅಡುಗೆ ಮನೆಯ ಕ್ಯಾಲೆಂಡರಿನ ಮೇಲೆ, ಚಾಕಿ ಹುಳು ತರುವ ದಿನದ ಚೌಕದಲ್ಲೇ. ಹೋದ ಸಲದ್ದು 76, 74. ಎರಡೂ ಮತ್ತೆ ಕಂಬಕ್ಕೆ ಹೋಗಿವೆ, ಮಿತಿ ಮತ್ತೆ 26 ಮತ್ತು 80ಕ್ಕೆ ಬಂದಿದೆ.